ಸಂಗೀತ ಸಂದೇಹ: ಹನ್ನೆರಡು ತಂತಿಯ ಗಿಟಾರ್ ಮಾರಿಬಿಡಲೇ?

ಪ್ರಶ್ನೆ: ನಾಲ್ಕು ವರ್ಷದಿಂದ ಮಾಮೂಲಿ ಗಿಟಾರ್ ನುಡಿಸುತ್ತಿದ್ದೇನೆ. ಹೋದ ತಿಂಗಳು ಹನ್ನೆರಡು ತಂತಿಯದ್ದೊಂದು ಸೆಕೆಂಡ್ ಹ್ಯಾಂಡ್ ಕೊಂಡೆ. ಬೆರಳು ಉರಿಯುತ್ತದೆ, ಶ್ರುತಿ ನಿಲ್ಲುವುದಿಲ್ಲ, ಮಧ್ಯದ ಒಂದು ಸಣ್ಣ ತಂತಿ ಆಗಲೇ ಮೂರು ಸಲ ಹರಿದಿದೆ. ಮಾರಿಬಿಡಲೇ ಸಾರ್?
– ಓದುಗ, ಸಾಗರ

ಉತ್ತರ: ಖಂಡಿತ ಮಾರಬೇಡಿ. ಈ ವಾದ್ಯದ ಹನ್ನೆರಡು ತಂತಿ ಆರು ಜೋಡಿ; ಮೊದಲ ನಾಲ್ಕರಲ್ಲಿ ಒಂದು ದಪ್ಪ, ಇನ್ನೊಂದು ಒಂದು ಸ್ಥಾಯಿ ಮೇಲಿನ ಸಣ್ಣದು. ಹರಿಯುತ್ತಿರುವುದು 'ಜಿ' ಜೋಡಿಯ ಸಣ್ಣ ತಂತಿ ಅಲ್ಲವೇ? ಇಡೀ ವಾದ್ಯದಲ್ಲಿ ಎಲ್ಲಕ್ಕಿಂತ ಮೇಲಿನ ಸ್ವರ ಅದರದು, ಕೊನೆಯ ಜೋಡಿಯ 'ಇ'ಗಿಂತಲೂ ಮೇಲೆ. ದಪ್ಪವೋ, ಇಂಚಿನ ಸಾವಿರದಲ್ಲಿ ಎಂಟೊಂಬತ್ತು ಪಾಲು ಮಾತ್ರ. ನೀವು ಮಾಮೂಲಿ ಗಿಟಾರಿನ ಶ್ರುತಿಗೇ ಏರಿಸುತ್ತಿದ್ದೀರಿ ಅನ್ನಿಸುತ್ತದೆ. ಕಾಲೇಜಿನಲ್ಲಿದ್ದಾಗ ನಾನೂ ಹಾಗೇ ಬಿಗಿದೆ. ಎಲ್ಲ ತಂತಿ ಸೇರಿ 100 ಕಿಲೋಗೂ ಮೀರಿ ಎಳೆಯುತ್ತವೆ; ಎರಡೇ ವರ್ಷಕ್ಕೆ ತಂತಿ ಸಿಕ್ಕಿಸುವ ಬ್ರಿಡ್ಜ್ ಎದ್ದುಬಂತು. ಆ ಗಿಟಾರ್ ನೆನೆದರೆ ಇವತ್ತಿಗೂ ಸಂಕಟ.

ಎಲ್ಲವನ್ನೂ ಎರಡು ಫ್ರೆಟ್‌ನಷ್ಟು (ಫ್ರೆಟ್ ಅಂದರೆ ಕತ್ತಿನ ಮೇಲಿನ ಅಡ್ಡಪಟ್ಟಿ) ಇಳಿಸಿ, 'ಇ' ಇದ್ದದ್ದು 'ಡಿ' ಆಗಲಿ. ಬೇರೆಯವರ ಜೊತೆ ನುಡಿಸುವಾಗ ಎರಡನೇ ಫ್ರೆಟ್‌ಗೆ ಕ್ಯಾಪೋ, ಅಂದರೆ ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್, ಹಾಕಿದರಾಯಿತು. ಅಮೆರಿಕದ ಜಾನಪದ, ಬ್ಲೂಸ್ ಗಾಯಕ ಲೆಡ್ ಬೆಲ್ಲಿ ತಮ್ಮ ಹನ್ನೆರಡು ತಂತಿಯ ಸ್ಟೆಲ್ಲಾ ಗಿಟಾರನ್ನು ಇನ್ನೂ ಕೆಳಗೆ ಇಳಿಸಿಕೊಳ್ಳುತ್ತಿದ್ದರು. ಬೆರಳಿನ ಉರಿಯೂ ಇದರಿಂದಲೇ ಅರ್ಧ ಇಳಿಯುತ್ತದೆ. ಉಳಿದರ್ಧಕ್ಕೆ, ಬೆರಳನ್ನು ತೀರಾ ನೆಟ್ಟಗೆ ನಿಲ್ಲಿಸದೆ ಕೊಂಚ ವಾಲಿಸಿ, ಫ್ರೆಟ್ಟಿಗೆ ಅಂಟಿಕೊಂಡಂತೆ ಒತ್ತಿ.

ಇನ್ನು ಶ್ರುತಿ. ಜೋಡಿಯ ಒಂದು ತಂತಿಯನ್ನು ಬೆರಳಲ್ಲಿ ತಡೆದು, ದಪ್ಪದ್ದನ್ನು ಮೊದಲು ಕೂಡಿಸಿ. ಆಮೇಲೆ ಸಣ್ಣದನ್ನು ಕೆಳಗಿನಿಂದ ಮೇಲಕ್ಕೆ ತನ್ನಿ. ಕೊನೆಯ ಎರಡು ಜೋಡಿಗಳಲ್ಲಿ ಎರಡೂ ತಂತಿ ಒಂದೇ ಸ್ವರ. ತಂಬೂರಿಯಲ್ಲಿ ಒಂದೇ ಷಡ್ಜಕ್ಕೆ ನಿಲ್ಲುವ ನಡುವಿನ ಎರಡು ತಂತಿ, ಸಾರಣಿ, ಅನುಸಾರಣಿ ಕೂಡಿಸುವುದನ್ನು ಕಂಡಿದ್ದರೆ ಗೊತ್ತಿರುತ್ತದೆ: ಮೊದಲು 'ವೊಂವ್ ವೊಂವ್' ಎಂದು ನಾದ ತೂಗಾಡುತ್ತದೆ, ಕೀ ಕೂದಲೆಳೆಯಷ್ಟು ತಿರುಗಿಸಿದಂತೆ ತೂಗು ನಿಧಾನವಾಗುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಯಂತ್ರದ ಟ್ಯೂನರ್ ಬಳಸಿ, ಬೇಡವೆನ್ನುವುದಿಲ್ಲ. ಆದರೆ ಕೊನೆಯ ಮಾತು ಕಿವಿಯದೇ ಇರಲಿ.

ನಿಮ್ಮ ಕಡೆಯ ಮಳೆಗಾಲದಲ್ಲಿ ಮರ ಉಬ್ಬಿ ತಂತಿ ಮೇಲೇಳುತ್ತದೆ. ನುಡಿಸಿದ ಮೇಲೆ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಜೊತೆಗೇ ಇಡಿ.

ಇಷ್ಟಾದ ಮೇಲೆ ಒಂದು 'ಜಿ' ಕಾರ್ಡ್ ಹಿಡಿದು, ಪಿಕ್ಕನ್ನು ಮೇಲಿಂದ ನಿಧಾನವಾಗಿ ಎಳೆಯಿರಿ. ಮಂದ್ರದ ಜೋಡಿಗಳಲ್ಲಿ ಪಿಕ್ ಮೊದಲು ತಾಗುವುದು ಸಣ್ಣ ತಂತಿಗೆ. ಆ ಕಿಣಿಕಿಣಿಯ ಹಿಂದೆಯೇ ದಪ್ಪದ ನಾದ ಬರುತ್ತದೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1964ರಿಂದ ನುಡಿಸಿದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್‌ನಲ್ಲಿ ಈ ಕ್ರಮ ತಿರುವುಮುರುವು, ಅದರ ದನಿಯೇ ಬೇರೆ. ನಿಮ್ಮದನ್ನು ರಾತ್ರಿ ಊಟವಾದ ಮೇಲೆ, ಟಿವಿ ಆರಿಸಿ ಕೇಳಿ. ಆಮೇಲೂ ಮಾರಬೇಕೆನ್ನಿಸಿದರೆ ನನಗೆ ಬರೆಯಿರಿ, ನಾನೇ ಕೊಳ್ಳುತ್ತೇನೆ.