ಅಮೆರಿಕದ ರೇಡಿಯೊಗಳು ಗಾಯಕರನ್ನು ಒಂದೇ ಸಂಗೀತ ಪ್ರಕಾರಕ್ಕೆ ಏಕೆ ಕಟ್ಟಿಹಾಕುತ್ತವೆ?

ಮುಖ್ಯ ಕಾರಣ ಜಾಹೀರಾತು. ವಾಣಿಜ್ಯ ರೇಡಿಯೊ ಕೇಂದ್ರ ಮಾರುವುದು ಹಾಡನ್ನಲ್ಲ, ಕೇಳುಗರನ್ನು. ಇಂಥ ವಯಸ್ಸಿನ, ಇಂಥ ಅಭಿರುಚಿಯ ಜನ ನಮ್ಮಲ್ಲಿದ್ದಾರೆ ಎಂದು ಜಾಹೀರಾತುದಾರರಿಗೆ ಭರವಸೆ ಕೊಡಲು ಕೇಂದ್ರಕ್ಕೊಂದು ಗಟ್ಟಿ ಹಣೆಪಟ್ಟಿ ಬೇಕು: ಕಂಟ್ರಿ (ಅಮೆರಿಕದ ಗ್ರಾಮೀಣ ಸೊಗಡಿನ ಸಂಗೀತ), ರಾಕ್, ಹಿಪ್ ಹಾಪ್. ಅದೇ ಹಣೆಪಟ್ಟಿ ಗಾಯಕರಿಗೂ ಅಂಟಿಕೊಳ್ಳುತ್ತದೆ.

ಆದರೆ ಇದು ಬರೀ ವ್ಯಾಪಾರ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಈ ವಿಂಗಡಣೆಯ ಬೇರು ವರ್ಣಭೇದದಲ್ಲಿದೆ. 1920ರ ದಶಕದಲ್ಲಿ ಧ್ವನಿಮುದ್ರಿಕೆ ಕಂಪನಿಗಳು ಕಪ್ಪು ಕಲಾವಿದರ ಹಾಡುಗಳನ್ನು ‘ರೇಸ್ ರೆಕಾರ್ಡ್ಸ್’ ಎಂದೂ, ದಕ್ಷಿಣದ ಬಿಳಿಯರ ಹಾಡುಗಳನ್ನು ‘ಹಿಲ್‌ಬಿಲಿ’ (ಮುಂದೆ ಕಂಟ್ರಿ ಎನಿಸಿಕೊಂಡದ್ದು) ಎಂದೂ ಬೇರೆಬೇರೆಯಾಗಿ ಮಾರಿದವು. 1949ರಲ್ಲಿ, ಜನಪ್ರಿಯ ಹಾಡುಗಳ ಪಟ್ಟಿ ಪ್ರಕಟಿಸುವ ಬಿಲ್‌ಬೋರ್ಡ್ ಪತ್ರಿಕೆ ಆ ಮೊದಲ ಹೆಸರನ್ನು ‘ರಿದಮ್ ಅಂಡ್ ಬ್ಲೂಸ್’ ಎಂದು ಬದಲಿಸಿತು; ಗೋಡೆ ಮಾತ್ರ ಹಾಗೆಯೇ ನಿಂತಿತು.

1962ರಲ್ಲಿ ಕಪ್ಪು ಗಾಯಕ ರೇ ಚಾರ್ಲ್ಸ್ ಕಂಟ್ರಿ ಗೀತೆಗಳನ್ನೇ ಆಯ್ದು ಒಂದು ಆಲ್ಬಂ ಮಾಡಿದರು. ಅದರ ಒಂದು ಹಾಡು ದೇಶದ ಜನಪ್ರಿಯ ಹಾಡುಗಳ ಮುಖ್ಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು, ಆದರೆ ಕಂಟ್ರಿ ಪಟ್ಟಿಯಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ಎಂಥ ಅನ್ಯಾಯ!

2024ರ ಫೆಬ್ರವರಿಯಲ್ಲಿ ಕಪ್ಪು ಪಾಪ್ ಗಾಯಕಿ ಬಿಯಾನ್ಸೆ ಕಂಟ್ರಿ ಹಾಡು ಬಿಡುಗಡೆ ಮಾಡಿದಾಗ ಒಕ್ಲಹೋಮಾದ ಒಂದು ಕೇಂದ್ರ, ‘ನಮ್ಮದು ಕಂಟ್ರಿ ಕೇಂದ್ರ, ಬಿಯಾನ್ಸೆ ಹಾಡು ಹಾಕುವುದಿಲ್ಲ’ ಎಂದು ಕೇಳುಗರೊಬ್ಬರಿಗೆ ಉತ್ತರಿಸಿತು. ಅಭಿಮಾನಿಗಳ ಇಮೇಲ್‌ಗಳ ಮಹಾಪೂರ ಬಂದ ಮೇಲೆ ಪ್ರಸಾರ ಮಾಡಿತು. ಸ್ಟ್ರೀಮಿಂಗ್ ಮತ್ತು ಮಾರಾಟವನ್ನೂ ಲೆಕ್ಕಕ್ಕೆ ಹಿಡಿಯುವ ಕಂಟ್ರಿ ಪಟ್ಟಿಯಲ್ಲಿ ಆ ಹಾಡು ಅಗ್ರಸ್ಥಾನ ಪಡೆಯಿತು. ಕಂಟ್ರಿ ರೇಡಿಯೊ ಪ್ರಸಾರವನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಮೊದಲ 30ರೊಳಗೂ ಬರಲಿಲ್ಲ.