ಅಟ್ಟದಲ್ಲಿ ಸಿಕ್ಕಿದ ಎರಡು ಫೆಲ್ಟ್ ಹ್ಯಾಟು: ಮುಳ್ಳೇರಿಯದ ಅಕ್ಕನಿಗೆ

ಅಕ್ಕಾ, ಅಜ್ಜನ ಎರಡು ಹಳೆ ಹ್ಯಾಟು ಸಿಕ್ಕಿದೆ, ಬೂಷ್ಟು ಹಿಡಿದಿದೆ, ಬೆಲೆ ಎಷ್ಟಾದೀತು ಅಂತ ಇಲ್ಲಿ ಕೇಳಿದ್ರಲ್ಲ. ಬೇರೆ ಎಲ್ಲ ಆಮೇಲೆ, ಮೊದಲು ಆ ಹ್ಯಾಟನ್ನು ಸೋಪಿನ ನೀರಿಗೆ ಹಾಕ್ಬೇಡಿ. ಮೇಲಿನ ಕಮೆಂಟಲ್ಲಿ ಯಾರೋ "ಸರ್ಫಲ್ಲಿ ಅರ್ಧ ಗಂಟೆ ನೆನೆಸಿ ಬಿಸಿಲಿಗಿಡಿ, ಹೊಸದರ ಹಾಗೆ ಆಗ್ತದೆ" ಅಂತ ಬರೆದಿದ್ದಾರಲ್ಲ, ಅವರ ಮೇಲೆ ನನಗೆ ಸಿಟ್ಟಿಲ್ಲ, ಯಾಕಂದ್ರೆ ನಾನೂ ಅದನ್ನೇ ಮಾಡಿದವ. ಹತ್ತು ಹನ್ನೆರಡು ವರ್ಷದ ಹಿಂದೆ ಕುಂಬಳೆ ಕಡೆ ಒಂದು ಗುಜರಿಯಲ್ಲಿ 150 ರೂಪಾಯಿಗೆ ಬೂದು ಬಣ್ಣದ ಹ್ಯಾಟು ಸಿಕ್ಕಿತ್ತು, ನನ್ನ ಮೊದಲ ಹ್ಯಾಟು, ಮನೆಗೆ ತಂದು ಬಕೆಟಲ್ಲಿ ನೆನೆಸಿ, ಚೆನ್ನಾಗಿ ತಿಕ್ಕಿ, ಅಡಿಕೆ ಹರಡಿದ ಅಂಗಳದ ಮೂಲೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಇಟ್ಟೆ. ಸಂಜೆ ಅಡಿಕೆ ರಾಶಿ ಮಾಡ್ಲಿಕ್ಕೆ ಹೋದಾಗ ನೋಡಿದ್ರೆ ಒಳಗಿನ ಚರ್ಮದ ಪಟ್ಟಿ ಸುಟ್ಟ ಹಪ್ಪಳದ ಹಾಗೆ ಮುದುಡಿದೆ, ಹ್ಯಾಟು ನನ್ನ ತಲೆಗಲ್ಲ, ಒಂದು ಸುಲಿದ ತೆಂಗಿನಕಾಯಿಗೆ ಸರಿ ಕೂರುವಷ್ಟು ಆಗಿದೆ. ಆ ಪಟ್ಟಿಯಲ್ಲಿ ಏನೋ ಚಿನ್ನದ ಅಕ್ಷರ ಇತ್ತು, ತೊಳೆಯುವ ಮೊದಲು ಓದಿಯೂ ಇರಲಿಲ್ಲ. ಅದು ಯಾವ ಕಂಪೆನಿದು ಅಂತ ಇವತ್ತಿಗೂ ಗೊತ್ತಿಲ್ಲ, ಆ ಹೊಟ್ಟೆಯುರಿ ಇನ್ನೂ ಹೋಗಿಲ್ಲ ಮಾರಾಯ್ರೆ.

ಯಾಕೆ ಹಾಗಾಗ್ತದೆ ಅಂದ್ರೆ ಫೆಲ್ಟ್ ಅನ್ನುವುದು ನೇಯ್ದ ಬಟ್ಟೆ ಅಲ್ಲ, ಅದರಲ್ಲಿ ಹಾಸು ಹೊಕ್ಕು ಏನೂ ಇಲ್ಲ. ಮೊಲದ್ದೋ ಬೀವರ್ ಅನ್ನುವ ಪ್ರಾಣಿಯದ್ದೋ ರೋಮವನ್ನು, ಇಲ್ಲಾಂದ್ರೆ ಕುರಿ ಉಣ್ಣೆಯನ್ನು, ಬಿಸಿ ನೀರು, ಆವಿ, ಒತ್ತಡ ಕೊಟ್ಟು ತಿಕ್ಕಿ ತಿಕ್ಕಿ ಒಂದಕ್ಕೊಂದು ಸಿಕ್ಕಿ ಹಾಕಿಸಿ ಮಾಡುವುದು. ಅದೇ ನೀರು, ಅದೇ ಬಿಸಿ, ಅದೇ ತಿಕ್ಕುವುದು ನೀವು ಮತ್ತೊಮ್ಮೆ ಕೊಟ್ರೆ ಅದು ಇನ್ನೂ ಬಿಗಿ ಹಿಡೀತದೆ ಅಷ್ಟೆ. ಮತ್ತೆ ಆಕಾರ ಗಟ್ಟಿ ನಿಲ್ಲಲಿಕ್ಕೆ ಹಿಂದೆ ಅರಗು ಹಾಕ್ತಿದ್ರು, ಬಹುಪಾಲು ನಮ್ಮ ದೇಶದಿಂದಲೇ ಹೋದ ಅರಗು, ನೆನೆಸಿದ್ರೆ ಆ ಗಟ್ಟಿಯೂ ಹೋಯ್ತು.

ನೀವು ಬರೆದದ್ದು ಇಷ್ಟು ಅಲ್ವಾ: ಅಜ್ಜ ಕೊಡಗಿನ ಕಾಫಿ ಎಸ್ಟೇಟಲ್ಲಿ ರೈಟರಾಗಿದ್ರು (ಲೆಕ್ಕ ಬರೆಯುವವರು), ಅವರ ಟ್ರಂಕಲ್ಲಿ ಎರಡು ಹ್ಯಾಟು, ಒಂದು ಕಂದು ಬಣ್ಣದ್ದು ಒಳಗೆ ಚಿನ್ನದ ಅಕ್ಷರ ಇರುವುದು, ಇನ್ನೊಂದು "ಒಂದರೊಳಗೆ ಒಂದು ಸೇರಿಸಿ ಹೊಲಿದ ಹಾಗೆ ದಪ್ಪ" ಇರುವುದು, ಎರಡಕ್ಕೂ ಬೂಷ್ಟು, ಗುಜರಿಯವ ಎರಡಕ್ಕೆ 300 ಕೊಡ್ತೇನೆ ಅಂದ, ಮಗ ನೆಟ್ಟಲ್ಲಿ ನೋಡಿ ಒಂದಕ್ಕೇ 60,000 ಅಂತಾನೆ, ಯಾರದ್ದು ಸರಿ. ಇಬ್ಬರದ್ದೂ ಅಲ್ಲ, ಆದ್ರೆ ಅದಕ್ಕೆ ಸ್ವಲ್ಪ ಕಾಯಿರಿ.

ಮುಟ್ಟುವ ಮೊದಲು ಇನ್ನೊಂದು ಸಂಗತಿ, ಇದು ಹೆದರಿಸ್ಲಿಕ್ಕೆ ಅಲ್ಲ. ಹಳೆ ಕಾಲದಲ್ಲಿ ಮೊಲದ ರೋಮ ಬೇಗ ಹೆಣೆದುಕೊಳ್ಳಲಿ ಅಂತ ಪಾದರಸದ ದ್ರಾವಣ ಹಚ್ತಿದ್ರು, ರೋಮದ ತುದಿ ಕಿತ್ತಳೆ ಬಣ್ಣಕ್ಕೆ ತಿರುಗ್ತಿತ್ತು, ಅದಕ್ಕೇ ಆ ಕೆಲಸಕ್ಕೆ ಕ್ಯಾರೆಟಿಂಗ್ ಅಂತ ಹೆಸರು. ಅಮೆರಿಕದ ಡ್ಯಾನ್‌ಬರಿ ಹ್ಯಾಟಿನ ಊರು, ಅಲ್ಲಿಯ ಕೆಲಸಗಾರರಿಗೆ ಕೈಕಾಲು ನಡುಗುವ ರೋಗ ಬಂದು ಆ ನಡುಕಕ್ಕೆ ಊರಿನ ಹೆಸರೇ ಬಿತ್ತು. ಅಲ್ಲಿ ಪಾದರಸ ನಿಲ್ಲಿಸಿದ್ದು 1941ರ ಡಿಸೆಂಬರಲ್ಲಿ. ಹಾಗಾಗಿ ಅಜ್ಜನ ಕಾಲದ ಹ್ಯಾಟಿನಲ್ಲಿ ಇನ್ನೂ ಸ್ವಲ್ಪ ಉಳಿದಿರಬಹುದು. ಮ್ಯೂಸಿಯಮ್ಮಿನವರು ಗ್ಲೌಸ್ ಹಾಕಿಯೇ ಮುಟ್ಟುವುದು. ನೀವೂ ಮೆಡಿಕಲಲ್ಲಿ ಸಿಗುವ ನೈಟ್ರೈಲ್ ಗ್ಲೌಸ್ ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ (ಬೂಷ್ಟಿಗೂ ಅದು ಬೇಕೇ ಬೇಕು), ಚಾವಡಿಯಲ್ಲಿ ಬೇಡ, ಹೊರಗೆ ನೆರಳಲ್ಲಿ ಕೂತು ಕೆಲಸ ಮಾಡಿ, ಆಮೇಲೆ ಕೈ ತೊಳೀರಿ. ಅಡಿಗೆ ಮನೆಯಲ್ಲಿ ಕುಕ್ಕರಿನ ಆವಿಗೆ ಹಿಡಿಯುವುದು ಖಂಡಿತ ಬೇಡ, ಮಕ್ಕಳ ತಲೆಗೆ ಹಾಕಿ ಸೆಲ್ಫಿಯೂ ಬೇಡ.

ಬೂಷ್ಟಿಗೆ ಏನು ಮಾಡುವುದು ಅಂದ್ರೆ ಎರಡು ದಿವಸ ಗಾಳಿಯಾಡುವ ನೆರಳಲ್ಲಿ ಬಿಡಿ, ನೇರ ಬಿಸಿಲಲ್ಲ. ಒಣಗಿದ ಮೇಲೆ ಮೆತ್ತಗಿನ ಬ್ರಶ್, ಕೋಟಿನ ಬ್ರಶ್ ಆದೀತು, ಬಟ್ಟೆ ಒಗೆಯುವ ಪ್ಲಾಸ್ಟಿಕ್ ಬ್ರಶ್ ಬೇಡ. ಬ್ರಶ್ ಎಳೆಯುವುದು ಅಪ್ರದಕ್ಷಿಣೆಯಾಗಿ, ದೇವಸ್ಥಾನಕ್ಕೆ ಸುತ್ತು ಬರುವುದರ ಉಲ್ಟಾ, ಮೇಲಿಂದ ನೋಡಿದಾಗ ಹಾಂ. ರೋಮ ಮಲಗಿಸಿರುವುದೇ ಆ ದಿಕ್ಕಿಗೆ, ಎದುರು ಎಳೆದ್ರೆ ಹೊಗರು ಹೋಗಿ ಕೊಳಕು ಕಾಣ್ತದೆ. ಎಣ್ಣೆ ಬೆವರಿನ ಕಲೆ ಇದ್ರೆ ಮುಲ್ತಾನಿ ಮಿಟ್ಟಿಯೋ ಕಾರ್ನ್‌ಫ್ಲೋರೋ ಒಣಗಿದ್ದನ್ನೇ ಉದುರಿಸಿ ಒಂದು ರಾತ್ರಿ ಇಟ್ಟು ಬೆಳಿಗ್ಗೆ ಕೊಡವಿ, ಒಂದೇ ಸಲಕ್ಕೆ ಹೋಗ್ಲಿಕ್ಕಿಲ್ಲ, ಮೂರ್ನಾಲ್ಕು ಸಲ ಬೇಕು. ಕಪ್ಪು ಹ್ಯಾಟಿಗೆ ಮಾತ್ರ ಬಿಳಿ ಪುಡಿ ಹಾಕಿ ನನ್ನ ಹಾಗೆ ಆಮೇಲೆ ಒಂದು ವಾರ ಕೊಡವ್ತಾ ಕೂರ್ಬೇಡಿ.

ಈಗ ಬೆಲೆ ಗೊತ್ತಾಗುವ ಜಾಗಕ್ಕೆ ಬರುವ. ಹ್ಯಾಟನ್ನು ಹೊರಗಿಂದ ನೋಡಿ ರೇಟು ಹೇಳುವವ ಗುಜರಿಯವ, ಮಗುಚಿ ನೋಡುವವ ಹ್ಯಾಟು ಗೊತ್ತಿದ್ದವ. ಮೊದಲು ಒಳಗಿನ ಚರ್ಮದ ಪಟ್ಟಿ. ಅದರ ಮೇಲೆ ಚಿನ್ನದಲ್ಲೋ ಕಪ್ಪಲ್ಲೋ ಕಂಪೆನಿ ಹೆಸರು ಇರ್ತದೆ, ತುಂಬಾ ಸಲ ಮಾರಿದ ಅಂಗಡಿಯ ಹೆಸರೂ ಇರ್ತದೆ, ಕೆಲವಕ್ಕೆ ಯಜಮಾನನ ಇನಿಶಿಯಲ್ ಕೂಡ. ನಿಮ್ಮ ಮೂರನೇ ಫೋಟೋದಲ್ಲಿ "ಬೋರ್ಸಲಿನೋ" ಅಂತ ಓದಿದೆ, ಅದರ ಕೆಳಗೆ "ಮದ್ರಾಸ್" ಅಂತ ಅರ್ಧ ಅಳಿಸಿದ ಅಕ್ಷರ ಉಂಟು, ಕಂಡಿರಾ? ಅದು ಅಂಗಡಿಯ ಮುದ್ರೆ ಇರಬೇಕು. 1956ರವರೆಗೆ ನಮ್ಮ ಕಾಸರಗೋಡೂ ಮದ್ರಾಸಿನದ್ದೇ ಅಲ್ವಾ, ದೊರೆಗಳ ಸಾಮಾನೆಲ್ಲ ಸ್ಪೆನ್ಸರ್‌ನಂಥ ಅಂಗಡಿಗಳಿಂದ ತರಿಸಿಕೊಳ್ತಿದ್ದ ಕಾಲ. ಆ ಮುದ್ರೆ ಇದ್ದದ್ದು ನಿಮಗೆ ಒಳ್ಳೆಯದೇ, ಹ್ಯಾಟು ಮೊನ್ನೆ ಮೊನ್ನೆ ಬಂದದ್ದಲ್ಲ ಅನ್ನುವುದಕ್ಕೆ ಅದು ಸಾಕ್ಷಿ.

ಬೋರ್ಸಲಿನೋ ಇಟಲಿಯ ಅಲೆಸ್ಸಾಂಡ್ರಿಯಾ ಅನ್ನುವ ಊರಿಂದು, 1857ರಲ್ಲಿ ಶುರುವಾದದ್ದು. ಪಟ್ಟಿಯ ಮೇಲೆ "ಜುಸೆಪ್ಪೆ ಎ ಫ್ರತೆಲ್ಲೋ" ಅಂತ ಇದ್ರೆ ಮೂಲ ಕಂಪೆನಿ, "ಫೂ ಲಾಝಾರೋ" ಅಂತ ಇದ್ರೆ ಅದೇ ಮನೆತನದವರದ್ದೇ ಎದುರಾಳಿ ಕಂಪೆನಿ, ಅದೂ ಒಳ್ಳೆ ಹ್ಯಾಟೇ, ನಕಲಿ ಅಂತ ಬಿಸಾಡ್ಬೇಡಿ. ಇನ್ನು ಅಮೆರಿಕದ ಸ್ಟೆಟ್ಸನ್, 1865ರ ಫಿಲಡೆಲ್ಫಿಯಾದ್ದು, ಇಂಗ್ಲೆಂಡಿನ ಕ್ರಿಸ್ಟೀಸ್ 1773ರದ್ದು, ಇವು ನಮ್ಮ ಕಡೆ ಆಗೊಮ್ಮೆ ಈಗೊಮ್ಮೆ ಬರ್ತವೆ. ಸ್ಟೆಟ್ಸನ್ನಲ್ಲಿ 3ಎಕ್ಸ್ 4ಎಕ್ಸ್ ಅಂತ ಇರ್ತದೆ, ಎಕ್ಸ್ ಜಾಸ್ತಿ ಆದ ಹಾಗೆ ಫೆಲ್ಟ್ ಉತ್ತಮ ಅಂತ ಲೆಕ್ಕ, ಆದ್ರೆ ಒಂದು ಕಂಪೆನಿಯ ಎಕ್ಸಿಗೂ ಇನ್ನೊಂದರ ಎಕ್ಸಿಗೂ ತಾಳೆ ಇಲ್ಲ, ಹಳೆ 4ಎಕ್ಸು ಈಗಿನ 4ಎಕ್ಸಿಗಿಂತ ಎಷ್ಟೋ ಪಾಲು ಮೇಲು.

ಪಟ್ಟಿಯನ್ನು ಹಿಂದಿನ ಭಾಗದಲ್ಲಿ ಬೆರಳಿಂದ ಮೆಲ್ಲ ಕೆಳಗೆ ಮಾಡಿ ನೋಡಿ, ಮೆಲ್ಲ ಅಂದ್ರೆ ನಿಜವಾಗಿ ಮೆಲ್ಲ, ಹಳೆ ಚರ್ಮ ಒಣಗಿದ ಬಾಳೆಲೆ ಹಾಗೆ ಹರೀತದೆ. ಹಿಂದಿನ ಭಾಗ ಯಾವುದು ಅಂದ್ರೆ ಒಳಗೆ ಪುಟ್ಟ ರಿಬ್ಬನ್ ಗಂಟು ಇರುವ ಕಡೆ. ಪಟ್ಟಿಯ ಅಡಿಯಲ್ಲಿ ಸಣ್ಣ ಕಾಗದದ ಚೀಟಿ ಸಿಗಬಹುದು, ಸೈಜು, ನಂಬರು ಬರೆದದ್ದು, ಕಿತ್ತು ತೆಗೀಬೇಡಿ, ಫೋಟೋ ಹೊಡೀರಿ ಸಾಕು. ಅಮೆರಿಕದ ಹ್ಯಾಟಲ್ಲಿ ಕಾರ್ಮಿಕ ಯೂನಿಯನ್ನಿನ ಲೇಬಲ್ಲೂ ಇರ್ತದೆ, ಅವರ ಯೂನಿಯನ್ 1934ರಲ್ಲಿ ಇನ್ನೊಂದರ ಜೊತೆ ಸೇರಿ ಹೆಸರು ಬದಲಾಯ್ತು, ಹಾಗಾಗಿ ಲೇಬಲ್ಲಲ್ಲಿ ಹಳೆ ಹೆಸರಾ ಹೊಸದಾ ನೋಡಿಯೇ ಕಾಲ ಹೇಳ್ಲಿಕ್ಕಾಗ್ತದೆ. ಬಾರ್‌ಕೋಡು, ಎಸ್ ಎಂ ಎಲ್ ಅಂತ ಸೈಜು, ಚರ್ಮದ ಬದಲು ಬಟ್ಟೆ ಪಟ್ಟಿ, ಗಮ್ಮಲ್ಲಿ ಅಂಟಿಸಿದ ಲೈನಿಂಗ್, ಇದೆಲ್ಲ ಕಂಡ್ರೆ ಮೇಲೆ ಎಷ್ಟು ದೊಡ್ಡ ಹೆಸರಿದ್ರೂ ಅದು ಅಜ್ಜನ ಕಾಲದ್ದಲ್ಲ.

ಸೈಜಿನ ಲೆಕ್ಕದಲ್ಲಿ ನಾನೊಮ್ಮೆ ಬಿದ್ದಿದ್ದೇನೆ. ಇಂಗ್ಲೆಂಡಿನ 7 ಅಂದ್ರೆ ಅಮೆರಿಕದ ಏಳೂ ಅರೆಕಾಲು, ಎರಡೂ 57 ಸೆಂಟಿಮೀಟರೇ. ನನಗಿದು ಗೊತ್ತಿಲ್ಲದೆ ಇಂಗ್ಲೆಂಡಿನ ಹ್ಯಾಟನ್ನು ಅಮೆರಿಕದ ಲೆಕ್ಕದಲ್ಲಿ 56 ಅಂತ ಬರೆದು ಮಾರಿ, ತಗೊಂಡವರು ದೊಡ್ಡದಾಯ್ತು ಅಂತ ವಾಪಸ್ ಕಳಿಸಿ, ಎರಡು ಸಲದ ಕೊರಿಯರ್ ನನ್ನ ಕೈಯಿಂದಲೇ ಹೋಯ್ತು. ಟೈಲರ್ ಟೇಪು ತಗೊಂಡು ಪಟ್ಟಿಯ ಒಳಸುತ್ತು ಅಳೆದು ಸೆಂಟಿಮೀಟರಲ್ಲೇ ಬರೀರಿ, ಗಲಾಟೆಯೇ ಇಲ್ಲ. 59ರ ಮೇಲಿನ ದೊಡ್ಡ ಸೈಜಿನ ಹಳೆ ಹ್ಯಾಟು ಸಿಗುವುದು ಕಮ್ಮಿ, ಅದಕ್ಕೆ ರೇಟು ಜಾಸ್ತಿ.

ರೋಮದ್ದಾ ಉಣ್ಣೆಯದ್ದಾ ಅನ್ನುವುದು ಕೈಗೆ ಗೊತ್ತಾಗ್ತದೆ. ಮೊಲದ ರೋಮದ ಫೆಲ್ಟ್ ತೆಳು, ಆದ್ರೆ ಒತ್ತಾಗಿ ಇರ್ತದೆ, ಆಗ ತಾನೇ ಹುಟ್ಟಿದ ಕರುವಿನ ಕಿವಿ ಮುಟ್ಟಿದ ಹಾಗೆ. ಉಣ್ಣೆಯದ್ದು ದಪ್ಪ, ಸ್ವಲ್ಪ ಕಂಬಳಿ ಕಂಬಳಿ. ಹೊರ ಅಂಚನ್ನು ಮೆಲ್ಲ ಬಗ್ಗಿಸಿ ಬಿಟ್ರೆ ರೋಮದ್ದು ತನ್ನಷ್ಟಕ್ಕೆ ವಾಪಸ್ ಬರ್ತದೆ. ಒಂದು ಹನಿ ನೀರನ್ನು ಕಾಣದ ಜಾಗದಲ್ಲಿ ಬಿಟ್ರೆ ಕೆಸುವಿನೆಲೆ ಮೇಲೆ ನಿಂತ ಹಾಗೆ ನಿಲ್ತದೆ, ಹಳೆಯದಾಗಿ ಸವೆದಿದ್ರೆ ನಿಲ್ಲದೆಯೂ ಇರಬಹುದು, ಅದೊಂದನ್ನೇ ನಂಬ್ಬೇಡಿ. ಅಂಚಿನ ಅಗಲ ನೋಡಿಯೂ ಅಂದಾಜು ಮಾಡ್ಬಹುದು, 30-40ರ ದಶಕದ್ದು ಅಗಲ, 60ರ ಹೊತ್ತಿಗೆ ಎರಡು ಇಂಚೂ ಇಲ್ಲದ ಹಾಗೆ ಸಣ್ಣ ಆಯ್ತು.

ಹೊರಗೆ ಸುತ್ತ ಒಂದು ಸಪೂರ ದಾರ, ತುದಿಗೆ ಸಣ್ಣ ಗುಂಡಿ ಉಂಟು, ಅದೆಂತದು ಅಂತ ಕೇಳಿದ್ರಿ. ಗಾಳಿ ಬಂದಾಗ ಗುಂಡಿ ಎಳೆದು ಕೋಟಿನ ಕಾಜಕ್ಕೆ ಸಿಕ್ಕಿಸ್ಲಿಕ್ಕೆ, ಹ್ಯಾಟು ಹಾರಿದ್ರೂ ಅಲ್ಲೇ ನೇತಾಡ್ತದೆ. ಹೆಚ್ಚಿನವರ ಹತ್ರ ಇದು ಕಡಿದು ಹೋಗಿರ್ತದೆ, ನಿಮ್ಮದರಲ್ಲಿ ಉಳಿದದ್ದು ಒಳ್ಳೆ ಲಕ್ಷಣ.

ಇನ್ನು ಆ ಎರಡನೆಯದ್ದು. ಅಕ್ಕಾ, ನನಗೆ ನಿಮ್ಮ ಬೋರ್ಸಲಿನೋಗಿಂತ ಅದರ ಮೇಲೇ ಕಣ್ಣು, ಹೇಳಿಬಿಡ್ತೇನೆ. ಒಂದರೊಳಗೆ ಒಂದು ಹೊಲಿದದ್ದು ರಿಪೇರಿ ಅಲ್ಲ, ಅದನ್ನು ಡಬಲ್ ತರಾಯ್ ಅಂತಾರೆ. ಹಿಮಾಲಯದ ಬುಡದ ತರಾಯ್ ಪ್ರದೇಶದ ಹೆಸರು, ಎರಡು ಫೆಲ್ಟ್ ಹ್ಯಾಟು ಜೋಡಿಸಿ ಅಂಚಿಗೆ ಹೊಲಿಗೆ ಹಾಕಿ ಬಿಸಿಲು ತಡೀಲಿಕ್ಕೆ ಮಾಡಿದ್ದು, ಗೂರ್ಖಾ ಪಲ್ಟನ್ನಿನವರ ಹ್ಯಾಟೂ ಇದೇ ಜಾತಿ. ಪ್ಲಾಂಟರುಗಳಿಗೆ ಇದು ಭಾರೀ ಇಷ್ಟ ಇತ್ತು. ನಮ್ಮಲ್ಲಿ ಕೆಲಸಕ್ಕೆ ಹೋಗುವವರಿಗೆ ಅಡಿಕೆ ಹಾಳೆಯ ಮುಟ್ಟಾಳೆ, ಕಾಸರಗೋಡಿನ ತಳಂಗರೆಯವರಿಗೆ ಕೈಹೊಲಿಗೆಯ ಟೋಪಿ, ಫೆಲ್ಟ್ ಹ್ಯಾಟು ಬಂದದ್ದೇ ಎಸ್ಟೇಟು, ಹಡಗು, ಬೊಂಬಾಯಿ ದಾರಿಯಾಗಿ, ಅದರಲ್ಲೂ ಡಬಲ್ ತರಾಯ್ ಸಿಗುವುದು ಅಪರೂಪ. ಎರಡು ಪದರದ ಮಧ್ಯ ನುಸಿ ಹುಳ ಸೇರಿದ್ರೆ ಹೊರಗೆ ಕಾಣುವುದೇ ಇಲ್ಲ, ಹಾಗಾಗಿ ಇದನ್ನು ಮೊದಲು ಪರೀಕ್ಷೆ ಮಾಡಿ. ಕಮೆಂಟಲ್ಲಿ ಮೂರು ಜನ, ಪೊಲೀಸಿನವರ ಸ್ಲೌಚ್ ಹ್ಯಾಟಿನ (ಒಂದು ಬದಿಯ ಅಂಚು ಮೇಲೆ ಮಡಚಿದ ಹ್ಯಾಟು) ಫೋಟೋ ಹಾಕಿ ಇದೂ ಅದೇ ಅಲ್ವಾ ಅಂತ ಕೇಳಿದ್ದಾರೆ, ಅಲ್ಲ. ಅದು ಕರ್ನಾಟಕದ ಕಾನ್‌ಸ್ಟೇಬಲ್‌ಗಳದ್ದು, 2025ರಲ್ಲಿ ಅವರಿಗೆ ನೀಲಿ ಪೀಕ್ ಕ್ಯಾಪ್ ಬಂತಲ್ಲ, ಇನ್ನು ಅದು ಗುಜರಿಯಲ್ಲಿ "ಬ್ರಿಟಿಷ್ ಕಾಲದ್ದು" ಅಂತ ಮಾರ್ಲಿಕ್ಕೆ ಬರ್ತದೆ ನೋಡಿ.

ಹುಳದ ಪರೀಕ್ಷೆ ರಾತ್ರಿ ಲೈಟ್ ಆಫ್ ಮಾಡಿ, ಹ್ಯಾಟಿನ ಒಳಗೆ ಮೊಬೈಲ್ ಟಾರ್ಚ್ ಹಿಡಿದು ಹೊರಗಿಂದ ನೋಡಿ. ಸೂಜಿಮೊನೆಯಷ್ಟು ಬೆಳಕು ಬಂದ್ರೆ ಅದು ತೂತು, ಬೆಳಕು ಬಾರದೆ ಬರೇ ಮೇಲೆ ಕೆರೆದ ಹಾಗೆ ಇದ್ರೆ ಹುಳ ಮೇದು ಬಿಟ್ಟದ್ದು, ಅದು ಅಷ್ಟು ದೊಡ್ಡ ದೋಷ ಅಲ್ಲ. ಡಬಲ್ ತರಾಯ್‌ಗೆ ಈ ಟಾರ್ಚು ಪೂರಾ ಸಾಕಾಗುವುದಿಲ್ಲ, ಹೊಲಿಗೆ ಬಿಟ್ಟ ಕಡೆ ಇದ್ರೆ ಎರಡು ಪದರ ಬಿಡಿಸಿ ಇಣುಕಿ. ಸಣ್ಣ ತೂತಿಗೆ ಚರ್ಮದ ಪಟ್ಟಿಯ ಅಡಿಯಿಂದ ಸ್ವಲ್ಪ ರೋಮ ಕೆರೆದು ತೆಗೆದು ಮೆದು ಗಮ್ಮಲ್ಲಿ ತುಂಬಿಸ್ತಾರೆ, ನನ್ನ ಕೈಗೆ ಅದು ಸರಿ ಬಂದದ್ದು ಮೂರರಲ್ಲಿ ಒಂದು ಸಲ.

ಹುಳ ಇದ್ದೀತು ಅಂತ ಸಂಶಯ ಇದ್ರೆ ಪಾಲಿಥಿನ್ ಚೀಲದಲ್ಲಿ ಹಾಕಿ ಗಾಳಿ ತೆಗೆದು ಬಿಗಿ ಕಟ್ಟಿ ಫ್ರೀಜರಲ್ಲಿ, ಮೈನಸ್ 18 ಇದ್ರೆ ಎರಡು ವಾರ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಬೇಡಿ, ಒಂದು ಇಡೀ ದಿನ ಬಿಟ್ಟು ಬಿಚ್ಚಿ, ಇಲ್ಲಾಂದ್ರೆ ತಂಪಿಗೆ ನೀರು ಕೂತು ಮತ್ತೆ ಬೂಷ್ಟು. ಮನೆಯಲ್ಲಿ ಬೈತಾರೆ, ಮೀನಿನ ಪಕ್ಕ ಹ್ಯಾಟು ಅಂತ, ಬೈಸಿಕೊಳ್ಳಿ. ಆದ್ರೆ ಪಾದರಸದ ಸಂಶಯ ಇರುವ ಹ್ಯಾಟಿಗೆ, ನಿಮ್ಮ ಅಜ್ಜನದ್ದೂ ಹಾಗೆಯೇ, ಡಬಲ್ ಚೀಲ, ಆಹಾರದ ಫ್ರೀಜರ್ ಬೇಡ, ಬೇರೆ ಹಳೆ ಫ್ರಿಜ್ಜು ಯಾರ ಹತ್ರ ಉಂಟು ಅಂತ ಕೇಳಿ.

ಆಮೇಲೆ ಇಡುವುದು ಹೇಗೆ ಅಂದ್ರೆ ಅಂಚಿನ ಮೇಲೆ ಭಾರ ಬೀಳದ ಹಾಗೆ, ಮಗುಚಿ, ನೆತ್ತಿಯ ಮೇಲೆ. ಒಳಗೆ ಬಿಳಿ ತೆಳು ಕಾಗದ ತುಂಬಿಸಿ, ಪೇಪರ್ ಬೇಡ, ಮಸಿ ಹಿಡೀತದೆ. ಪ್ಲಾಸ್ಟಿಕ್ ಡಬ್ಬಿಗಿಂತ ರಟ್ಟಿನ ಪೆಟ್ಟಿಗೆ ಲೇಸು, ನಮ್ಮ ಮಳೆಗೆ ಉಸಿರಾಡದ ಡಬ್ಬಿ ಅಂದ್ರೆ ಬೂಷ್ಟಿನ ಗೂಡು. ವರ್ಷಕ್ಕೆ 3000 ಮಿಲಿಮೀಟರಿನ ಮೇಲೆ ಮಳೆ ಬೀಳುವ ಊರಲ್ಲಿ ಇಟಲಿಯವರ ಬುದ್ಧಿವಾದ ಅಷ್ಟೆಲ್ಲ ನಡಿಯುವುದಿಲ್ಲ. ಜೂನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ತೆಗೆದು ನೋಡಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ, ನುಸಿ ಗುಳಿಗೆ (ನ್ಯಾಫ್ತಲೀನ್) ಹಾಕುವುದಾದ್ರೆ ಫೆಲ್ಟಿಗೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ. ಲಾವಂಚ ಕೂಡ ಇಡ್ತೇನೆ ನಾನು, ಹುಳ ಬರಬಾರದು ಅಂತ, ನಿಜ ಹೇಳ್ಬೇಕಾದ್ರೆ ವಾಸನೆ ಚಂದ ಅಂತ.

ರೇಟು. ಮಗನಿಗೆ ಹೇಳಿ, ಯಾರೋ ಕೇಳ್ತಿರುವ ರೇಟು ಅಲ್ಲ, ಮಾರಿ ಹೋದ ರೇಟು ನೋಡಿ ಅಂತ. ಇಬೇಯಲ್ಲಿ ಸೋಲ್ಡ್ ಐಟಮ್ಸ್ ಅಂತ ಒಂದು ಫಿಲ್ಟರ್ ಉಂಟು, ಅದು ಹಾಕಿದ ಕೂಡಲೇ 60,000 ಎಲ್ಲಾ ಮಾಯ. ಅದೇ ಕಂಪೆನಿ, ಅದೇ ಸೈಜು, ಅದೇ ಸ್ಥಿತಿಯದ್ದು ನಾಲ್ಕೈದು ನೋಡಿ ಸರಾಸರಿ ತೆಗೆದು, ನಮ್ಮಲ್ಲಿ ತಗೊಳ್ಳುವವರು ಕಮ್ಮಿ ಅಂತ ಅದರಿಂದಲೂ ಒಳ್ಳೆ ಪಾಲು ಕಳೀರಿ. ನಾನು ಇಷ್ಟು ವರ್ಷದಲ್ಲಿ ಇಲ್ಲೇ ಮಾರಿದ್ದರಲ್ಲಿ ಅತಿ ಹೆಚ್ಚು ಸಿಕ್ಕಿದ್ದು 4,500, ಅದು ಹುಳ ಮುಟ್ಟದ, ಪಟ್ಟಿ ಗಟ್ಟಿ ಇದ್ದ, ಮೂಲ ಪೆಟ್ಟಿಗೆ ಸಮೇತ ಇದ್ದ ಹ್ಯಾಟು. ಪಟ್ಟಿ ಹರಿದಿದ್ರೆ ಅರ್ಧಕ್ಕೂ ಕಮ್ಮಿ. ಅಜ್ಜ ಆ ಹ್ಯಾಟು ಹಾಕಿಕೊಂಡ ಫೋಟೋ ಏನಾದ್ರೂ ಉಂಟಾ? ಎಸ್ಟೇಟಿನ ಗ್ರೂಪ್ ಫೋಟೋ ಆದ್ರೂ ಸಾಕು, ಅದು ಒಂದಿದ್ರೆ ಡಬಲ್ ತರಾಯ್‌ಗೆ ಬೆಲೆ ಬೇರೆಯೇ ಆಗ್ತದೆ.

ನಿಮ್ಮಿಂದ ನನಗೆ ಬೇಕಾದ ಫೋಟೋ: ಚರ್ಮದ ಪಟ್ಟಿಯ ಅಕ್ಷರ ಹತ್ತಿರದಿಂದ, ಪಟ್ಟಿಯ ಅಡಿಯ ಚೀಟಿ ಇದ್ರೆ ಅದು, ತರಾಯ್‌ನ ಅಂಚಿನ ಹೊಲಿಗೆ, ಟಾರ್ಚ್ ಹಿಡಿದದ್ದು ಎರಡರದ್ದೂ. ಟಾರ್ಚಿನದ್ದು ಬಿಟ್ಟು ಉಳಿದದ್ದೆಲ್ಲ ಹಗಲು ಬೆಳಕಲ್ಲಿ, ಫ್ಲಾಶ್ ಬೇಡ. ಗುಜರಿಯವ ಶನಿವಾರ ಬರ್ತಾನೆ ಅಂದ್ರಲ್ಲ, ಅವನಿಗೆ ಹಳೆ ಪೇಪರ್ ಕೊಟ್ಟು ಕಳಿಸಿ.