ಕಥೆ ಹೇಳಿ, ಲೆಕ್ಕವನ್ನೂ ಹೇಳಿ

ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯ ಗಣಿತ ಶಿಕ್ಷಕಿಯೊಬ್ಬರ ಪತ್ರದ ಸಾರ: "ಗಣಿತಜ್ಞರ ಬಗ್ಗೆ ಬಂದಿರುವ ಜನಪ್ರಿಯ ಪುಸ್ತಕಗಳನ್ನು ಓದಿ ಒಂಬತ್ತನೇ ತರಗತಿಯ ಮಕ್ಕಳಿಗೆ ಕಥೆ ಹೇಳುತ್ತೇನೆ. ಒಂದೇ ರಾತ್ರಿಯಲ್ಲಿ ಹೊಸ ಗಣಿತ ಬರೆದಿಟ್ಟು ಬೆಳಿಗ್ಗೆ ದ್ವಂದ್ವಯುದ್ಧದಲ್ಲಿ ಗುಂಡೇಟು ತಿಂದ ಫ್ರಾನ್ಸಿನ ಗಾಲ್ವಾ, 1ರಿಂದ 100ರವರೆಗಿನ ಮೊತ್ತವನ್ನು ಥಟ್ಟನೆ ಹೇಳಿದ ಬಾಲಕ ಗೌಸ್, ಮುಹೂರ್ತ ತಪ್ಪಿದ ಲೀಲಾವತಿ. ಮೊನ್ನೆ ಒಬ್ಬ ಹುಡುಗಿ 'ಇದೆಲ್ಲ ನಿಜಾನಾ ಮಿಸ್?' ಎಂದಳು. ಸುಳ್ಳಾಗಿದ್ದರೆ ಇವನ್ನು ಹೇಳುವುದನ್ನೇ ಬಿಡಬೇಕೆ?"

ಬಿಡಬೇಡಿ. ಆದರೆ ಪುಸ್ತಕದಲ್ಲಿರುವ ಹಾಗೆಯೇ ಹೇಳಲೂ ಬೇಡಿ. ಈ ಮೂರರಲ್ಲೂ ನಡೆದ ಸಂಗತಿ ಕಥೆಗಿಂತ ಸ್ವಾರಸ್ಯವಾಗಿದೆ, ಮತ್ತು ಅದರೊಳಗೆ ಗಣಿತ ಹೆಚ್ಚಾಗಿದೆ.

ಗೌಸ್ ಕಥೆ ಪೂರ್ತಿ ಕಟ್ಟುಕಥೆಯಲ್ಲ. ಅವರು 1855ರಲ್ಲಿ ತೀರಿಕೊಂಡ ಮರುವರ್ಷ ಸಾರ್ಟೋರಿಯಸ್ ಎಂಬ ಸ್ನೇಹಿತರು ಒಂದು ಸ್ಮರಣಗ್ರಂಥ ಬರೆದರು. ಮುಪ್ಪಿನಲ್ಲಿ ಗೌಸ್ ತಾವೇ ಹೇಳುತ್ತಿದ್ದ ಈ ಪ್ರಸಂಗ ಅದರಲ್ಲಿದೆ. ಅಲ್ಲಿರುವುದು ಒಂದು ಸಮಾಂತರ ಶ್ರೇಢಿಯ, ಅಂದರೆ ಸಮ ಅಂತರದಲ್ಲಿ ಸಾಗುವ ಸಂಖ್ಯೆಗಳ ಸಾಲಿನ, ಮೊತ್ತ ಎಂದಷ್ಟೇ. 1ರಿಂದ 100 ಎಂಬುದು ಆಮೇಲೆ ಸೇರಿಕೊಂಡದ್ದು. ಅನೇಕ ಪುಸ್ತಕಗಳು ಆ ಲೆಕ್ಕ ಕೊಟ್ಟ ಮೇಷ್ಟ್ರು ಬ್ಯೂಟ್ನರ್ ಅವರನ್ನು ಮಕ್ಕಳನ್ನು ಗೋಳುಹೊಯ್ದುಕೊಳ್ಳುವ ಕ್ರೂರಿಯಂತೆ ಚಿತ್ರಿಸುತ್ತವೆ. ಅದೇ ಬ್ಯೂಟ್ನರ್ ಹುಡುಗನ ಬುದ್ಧಿ ಕಂಡು ಹ್ಯಾಂಬರ್ಗ್‌ನಿಂದ ಒಳ್ಳೆಯ ಅಂಕಗಣಿತದ ಪುಸ್ತಕ ತರಿಸಿಕೊಟ್ಟರು. ಅವರ ಸಹಾಯಕ ಬಾರ್ಟೆಲ್ಸ್ ಆ ಹುಡುಗನ ಜೊತೆ ಕೂತು ಗಣಿತ ಓದಿದರು. ಶಿಕ್ಷಕಿಯಾದ ನೀವು ಇದನ್ನು ಹೇಳದೆ ಬಿಡಬಾರದು.

ಲೀಲಾವತಿಯದು ಬೇರೆ ಬಗೆ. ಹೊತ್ತು ಅಳೆಯಲು ನೀರಿನಲ್ಲಿ ತೇಲಿಬಿಡುವ ತೂತಿನ ಗಳಿಗೆ ಬಟ್ಟಲಿಗೆ ಮುತ್ತು ಬಿದ್ದು ತೂತು ಕಟ್ಟಿಕೊಂಡಿತು, ಮುಹೂರ್ತ ಮೀರಿ ಮದುವೆ ನಿಂತಿತು, ಮಗಳ ದುಃಖ ಮರೆಸಲು ಭಾಸ್ಕರಾಚಾರ್ಯರು ತಮ್ಮ ಗಣಿತದ ಪುಸ್ತಕಕ್ಕೆ ಅವಳ ಹೆಸರಿಟ್ಟರು ಎಂಬ ಕಥೆ ನಮಗೆ ಬಂದದ್ದು ಅಕ್ಬರನ ಆಸ್ಥಾನಕವಿ ಫೈಜಿ 1587ರಲ್ಲಿ ಮಾಡಿದ ಪಾರ್ಸಿ ಅನುವಾದದಿಂದ. ಮೂಲಗ್ರಂಥ 1150ರದು, ನಡುವೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಕಳೆದಿದೆ. ಗ್ರಂಥದೊಳಗೆ ಮುತ್ತೂ ಇಲ್ಲ, ಮುಹೂರ್ತವೂ ಇಲ್ಲ. "ಬಾಲೇ ಬಾಲಕುರಂಗಲೋಲನಯನೇ ಲೀಲಾವತಿ" ಎಂದು ಕರೆದು, ಬಿಡಿಸಿ ಗುಣಿಸುವುದರಲ್ಲಿ ನೀನು ಜಾಣೆಯಾಗಿದ್ದರೆ 135ನ್ನು 12ರಿಂದ ಗುಣಿಸಿ ಹೇಳು ಎಂದು ಕೇಳುವ ಪದ್ಯವಿದೆ. ಆಕೆ ಮಗಳೋ, ಶಿಷ್ಯೆಯೋ, ಕವಿಕಲ್ಪನೆಯೋ ಪದ್ಯ ಹೇಳುವುದಿಲ್ಲ. ಕಥೆಯ ಲೀಲಾವತಿ ಮದುವೆ ತಪ್ಪಿದವಳು, ಪದ್ಯದ ಲೀಲಾವತಿ ಲೆಕ್ಕ ಬಲ್ಲವಳು. ನಿಮ್ಮ ತರಗತಿಯ ಹುಡುಗಿಯರಿಗೆ ಎರಡನೆಯವಳ ಪರಿಚಯವಾಗಲಿ ಎಂಬುದು ನನ್ನ ಆಸೆ. ಭಾಸ್ಕರರ ಮನೆತನದ ಬಗ್ಗೆ ಕಲ್ಲಿನ ಸಾಕ್ಷಿಯೂ ಉಂಟು. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣೆಯಲ್ಲಿರುವ 1207ರ ಶಾಸನದ ಪ್ರಕಾರ, ಮೊಮ್ಮಗ ಚಾಂಗದೇವ ಅಜ್ಜನ ಗ್ರಂಥಗಳನ್ನು ಪಾಠ ಹೇಳಲೆಂದೇ ಅಲ್ಲೊಂದು ಮಠ ಕಟ್ಟಿಸಿದ.

ಗಾಲ್ವಾ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಆ ಕಥೆ ಮಕ್ಕಳಿಗೆ ತಪ್ಪು ಪಾಠ ಕಲಿಸುತ್ತದೆ. ಅದನ್ನು ಜಗತ್ತಿಗೆಲ್ಲ ಹಬ್ಬಿಸಿದ್ದು ಎರಿಕ್ ಟೆಂಪಲ್ ಬೆಲ್ 1937ರಲ್ಲಿ ಬರೆದ 'ಮೆನ್ ಆಫ್ ಮ್ಯಾಥಮೆಟಿಕ್ಸ್'. ದ್ವಂದ್ವಯುದ್ಧದ ಹಿಂದಿನ ರಾತ್ರಿ ಹುಡುಗ ಸಾವಿಗೆ ಕಾಯುತ್ತ, ನನಗೆ ಸಮಯವಿಲ್ಲ ಎಂದು ಅಂಚಿನಲ್ಲಿ ಮತ್ತೆ ಮತ್ತೆ ಗೀಚುತ್ತ, ತನ್ನ ಸಿದ್ಧಾಂತವನ್ನು ಕಾಗದಕ್ಕಿಳಿಸಿದ ಎಂಬಂತೆ ಬೆಲ್ ಬರೆದರು. ಓದಿದವರ ಮೈ ಜುಮ್ಮೆನ್ನುವುದು ಸಹಜ. ಆದರೆ ಗಾಲ್ವಾ ಬೀಜಗಣಿತದ ಸಮೀಕರಣಗಳ ಬಗೆಗಿನ ತನ್ನ ಕೆಲಸವನ್ನು 1829ರಲ್ಲೇ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ಕೊಟ್ಟಿದ್ದ. 1830ರಲ್ಲಿ ಬಹುಮಾನಕ್ಕೆಂದು ಮತ್ತೆ ಕಳಿಸಿದ. ಹಸ್ತಪ್ರತಿ ಅಕಾಡೆಮಿಯ ಕಾರ್ಯದರ್ಶಿ ಫೂರಿಯೆ ಅವರ ಕೈ ಸೇರಿತು, ಅವರು ತೀರಿಕೊಂಡರು, ಪ್ರತಿ ಕಳೆದೇಹೋಯಿತು. ಅದೇ ವರ್ಷ ಅವನ ಲೇಖನಗಳು ಅಚ್ಚೂ ಆದವು. 1831ರ ಜನವರಿಯಲ್ಲಿ ಮೂರನೆಯ ಸಲ ಕೊಟ್ಟ. ವಾದ ಸಾಕಷ್ಟು ಸ್ಪಷ್ಟವಾಗಿಲ್ಲ ಎಂದು ಅದನ್ನು ಪರಿಶೀಲಿಸಿದ ಗಣಿತಜ್ಞ ಪ್ವಾಸಾನ್ ಜುಲೈಯಲ್ಲಿ ತಿರಸ್ಕರಿಸಿದರು. 1832ರ ಮೇ 29ರ ರಾತ್ರಿ ಅವನು ಮಾಡಿದ್ದು ಗೆಳೆಯ ಷೆವಾಲಿಯೆಗೆ ಉದ್ದನೆಯ ಪತ್ರ ಬರೆದು ಎಲ್ಲವನ್ನೂ ಸಂಗ್ರಹವಾಗಿ ವಿವರಿಸಿದ್ದು, ಹಳೆಯ ಹಸ್ತಪ್ರತಿಯನ್ನು ತಿದ್ದಿದ್ದು. ಸಮಯವಿಲ್ಲ ಎಂಬ ಮಾತು ಇರುವುದು ಆ ತಿದ್ದುಪಡಿಯ ಅಂಚಿನಲ್ಲಿ: ಈ ರುಜುವಾತಿನಲ್ಲಿ ಇನ್ನೂ ಏನೋ ಪೂರ್ಣವಾಗಬೇಕಿದೆ, ನನಗೆ ಸಮಯವಿಲ್ಲ ಎಂದು. ಮೇ 31ರಂದು ಸತ್ತಾಗ ಅವನಿಗೆ ಇಪ್ಪತ್ತು ವರ್ಷ. ಗಣಿತಜ್ಞ ಲಿಯೂವಿಲ್ ತಮ್ಮ ಗಣಿತ ಪತ್ರಿಕೆಯಲ್ಲಿ ಆ ಬರಹಗಳನ್ನು ಅಚ್ಚುಹಾಕಿದ್ದು 1846ರಲ್ಲಿ. ಬೆಲ್ ಕಥನವನ್ನು ದಾಖಲೆಗಳ ಜೊತೆ ಇಟ್ಟು ನೋಡಿ, ಎಲ್ಲೆಲ್ಲಿ ಕಲ್ಪನೆ ಬೆರೆತಿದೆ ಎಂದು 1982ರಲ್ಲಿ ಟೋನಿ ರೋತ್‌ಮನ್ ವಿವರವಾಗಿ ತೋರಿಸಿದ್ದಾರೆ.

ಒಂದು ರಾತ್ರಿಯ ಪವಾಡ ಎಂದು ಕೇಳಿದ ಮಗು, ಗಣಿತ ಯಾರಿಗೋ ದೇವರು ಕೊಟ್ಟದ್ದು, ನನಗಲ್ಲ ಎಂದುಕೊಳ್ಳುತ್ತದೆ. ಮೂರು ಸಲ ಬರೆದು, ಮೂರು ಸಲವೂ ಸೋತು, ಕೊನೆಯ ರಾತ್ರಿಯೂ ತನ್ನ ರುಜುವಾತಿನಲ್ಲಿ ಉಳಿದ ಕೊರತೆಯನ್ನು ಗುರುತು ಹಾಕಿದ ಹುಡುಗನ ಕಥೆ ಕೇಳಿದ ಮಗುವಿಗೆ ಹಾಗನ್ನಿಸಲಾರದು.

ಹಾಗೆಂದು ಬೆಲ್ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಡಿ. ಮುಂದೆ ಹೆಸರಾಂತ ಗಣಿತಜ್ಞರಾದ ಜೂಲಿಯಾ ರಾಬಿನ್ಸನ್, ಜಾನ್ ನ್ಯಾಶ್‌ರಂಥವರನ್ನು ಎಳೆಯ ವಯಸ್ಸಿನಲ್ಲಿ ಗಣಿತದತ್ತ ಎಳೆದದ್ದು ಅದೇ. ಬೆಲ್ ಅವರ ಇನ್ನೊಂದು ಪುಸ್ತಕ 'ದಿ ಲಾಸ್ಟ್ ಪ್ರಾಬ್ಲಮ್' ಕೇಂಬ್ರಿಡ್ಜ್ ಊರಿನ ಗ್ರಂಥಾಲಯದಲ್ಲಿ ಹತ್ತು ವರ್ಷದ ಆಂಡ್ರ್ಯೂ ವೈಲ್ಸ್ ಕೈಗೆ ಸಿಕ್ಕಿತು. ಎರಡು ವರ್ಗಸಂಖ್ಯೆ ಕೂಡಿದರೆ ಇನ್ನೊಂದು ವರ್ಗಸಂಖ್ಯೆ ಬರಬಹುದು, ಆದರೆ ಘನದಲ್ಲಾಗಲಿ ಅದಕ್ಕಿಂತ ದೊಡ್ಡ ಘಾತಗಳಲ್ಲಾಗಲಿ ಸೊನ್ನೆಯಲ್ಲದ ಪೂರ್ಣಾಂಕಗಳಿಂದ ಅದು ಸಾಧ್ಯವಿಲ್ಲ ಎಂಬ, ಹದಿನೇಳನೆಯ ಶತಮಾನದ ಗಣಿತಜ್ಞ ಫರ್ಮಾ ಅವರ ಹೇಳಿಕೆ ಆ ಹುಡುಗನಿಗೆ ಅರ್ಥವಾಯಿತು. 1994ರಲ್ಲಿ ಅವರೇ ಅದನ್ನು ಸಾಧಿಸಿ ತೋರಿಸಿದರು. ಅವರನ್ನು ಹಿಡಿದು ನಿಲ್ಲಿಸಿದ್ದು ಪುಟದ ಮೇಲಿದ್ದ ಸಮಸ್ಯೆ. ಗಣಿತದ ಪುಸ್ತಕ ಆರಿಸುವಾಗ ನಾನು ಮೊದಲು ನೋಡುವುದೂ ಅದನ್ನೇ: ಓದುತ್ತ ಓದುತ್ತ ಪೆನ್ಸಿಲ್ ಎತ್ತಿಕೊಳ್ಳಬೇಕು ಅನ್ನಿಸುವಂಥದ್ದು ಒಳಗೇನಾದರೂ ಇದೆಯೇ?

ನಿಮ್ಮ ತರಗತಿಗೆ ಹೊಂದುವ ಒಂದು ನಿಜವಾದ ಇತಿಹಾಸ ಸೊನ್ನೆಯಿಂದ ಭಾಗಿಸುವುದು. 628ರಲ್ಲಿ ಬ್ರಹ್ಮಗುಪ್ತರು ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಎಂದರು. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ 'ಗಣಿತಸಾರಸಂಗ್ರಹ' ಬರೆದ ನಮ್ಮ ಮಹಾವೀರಾಚಾರ್ಯರು, ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುತ್ತದೆ ಎಂದರು. ಭಾಸ್ಕರರು ಹಾಗೆ ಭಾಗಿಸಿದಾಗ ಬರುವುದಕ್ಕೆ ಖಹರ ಎಂದು ಹೆಸರಿಟ್ಟು, ಎಷ್ಟು ಕೂಡಿದರೂ ಕಳೆದರೂ ವ್ಯತ್ಯಾಸವಾಗದ ಅನಂತ ಎಂದು ವಿವರಿಸಿದರು. ಮೂವರೂ ಮಹಾಪಂಡಿತರು, ಮೂರೂ ಉತ್ತರ ಬೇರೆ ಬೇರೆ. ಸೊನ್ನೆಯಿಂದ ಗುಣಿಸಿದಾಗ 5 ಬರುವ ಸಂಖ್ಯೆ ಯಾವುದು ಎಂದು ಮಕ್ಕಳನ್ನೇ ಕೇಳಿ, ಯಾರದು ಸರಿ ಎಂದು ಅವರೇ ವಾದಿಸಲಿ.

ಮಹಾವೀರಾಚಾರ್ಯರ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಮದ್ರಾಸಿನಿಂದ ಹೊರತಂದರು. ಕನ್ನಡ ಅನುವಾದ ನಿಮ್ಮದೇ ಜಿಲ್ಲೆಯ ಹೊಂಬುಜದಿಂದ 2000ದಲ್ಲಿ ಪ್ರಕಟವಾಗಿದೆ. ಶಾಲೆಯ ಗ್ರಂಥಾಲಯಕ್ಕೆ ತರಿಸಿ. ಅದರಲ್ಲಿನ ಒಂದು ಲೆಕ್ಕ ಈ ವಾರವೇ ಹಾಕಬಹುದು: ಬಾಳೆಹಣ್ಣಿನ 63 ಸಮ ಗುಡ್ಡೆಗಳಿವೆ, ಬಿಡಿಯಾಗಿ ಇನ್ನೂ 7 ಹಣ್ಣು. 23 ದಾರಿಹೋಕರು ಎಲ್ಲವನ್ನೂ ಸಮನಾಗಿ ಹಂಚಿಕೊಂಡರು. ಒಂದು ಗುಡ್ಡೆಯಲ್ಲಿ ಎಷ್ಟು ಹಣ್ಣು? 5 ಎಂದವರು ಸರಿ, ತಲೆಗೆ 14 ಬರುತ್ತದೆ. 28 ಎಂದವರೂ ಸರಿ. ಅದು ಹೇಗೆ, ಇನ್ನೆಷ್ಟು ಉತ್ತರಗಳಿವೆ ಎಂಬ ಚರ್ಚೆಗೆ ಒಂದು ಪೀರಿಯಡ್ ಪೂರ್ತಿ ಬೇಕಾಗುತ್ತದೆ.

– ಸಂಪಾದಕ